ಬತ್ತಿಕೋವಿ ಮಾಡಿದವರು

“ಕೇಳಿರಪ್ಪಾ, ಕರಡಿದುರ್ಗದ ಸಮಸ್ತ ಪ್ರಜೆಗಳೇ ಕೇಳಿರಿ. ಬರುವ ಮಹಾನವಮಿಗೆ ನಮ್ಮ ಕೋಟೆ ಕಟ್ಟಿ ನೂರು ವರ್ಷ. ಅಂದಿನ ಮೆರವಣಿಗೆಗೆ ಮುದ್ದರಸ ಪ್ರಭುಗಳ ಮುತ್ತಜ್ಜನ ಕಾಲದಲ್ಲಿದ್ದಂಥ ಬತ್ತಿಕೋವಿಗಳು ಬೇಕು. ನೋಟಕ್ಕಲ್ಲ, ಸಿಡಿಸುವುದಕ್ಕೆ. ಅಂಥದೊಂದು ಕೋವಿ ಮಾಡಿ ತಂದು ಪ್ರಭುಗಳ ಮೂರು ಒಗಟು ಬಿಡಿಸಿದವರಿಗೆ ಆಯುಧಶಾಲೆಯ ಯಜಮಾನಿಕೆ, ಹುಣಸೆಕಟ್ಟೆ ಗ್ರಾಮ ಉಂಬಳಿ. ತಪ್ಪಿದವರಿಗೆ ನವಮಿಯ ಮರುದಿನ ಶಿರಚ್ಛೇದ.”

ಡಂಗುರದವನು ಕಮ್ಮಾರಗೇರಿಗೆ ಬಂದಾಗ ಕೆಂಚವ್ವ ಕುಲುಮೆಯ ತಿದಿ ಒತ್ತುತ್ತಿದ್ದಳು. ಅವಳ ಅಣ್ಣ ಮಾಳೋಜ ಸುತ್ತಿಗೆ ಕೆಳಗಿಟ್ಟ. ಚಕಮಕಿ ಕಲ್ಲಿನ ಕೋವಿಗಳು ಬಂದ ಮೇಲೆ ಬತ್ತಿಕೋವಿಗಳೆಲ್ಲ ಕರಗಿ ನೇಗಿಲ ಕುಳವಾಗಿ ಹೋಗಿದ್ದವು. ಅದನ್ನು ಮಾಡುವ ಬಗೆ ಬಲ್ಲವರು ಆ ಸೀಮೆಯಲ್ಲಿ ಬೆರಳೆಣಿಕೆಯಷ್ಟು; ಇವರಿಬ್ಬರು ಅವರಲ್ಲಿ ಸೇರಿದ್ದರು.

“ಕೋವಿ ಮಾಡೋಣ ಅಣ್ಣ. ಆದರೆ ಒಗಟಿಗೆ ತಲೆ ಯಾಕೆ ಕೊಡಬೇಕು? ಇದೆಂಥ ನ್ಯಾಯ?” ಎಂದಳು ಕೆಂಚವ್ವ.

ಮಾಳೋಜನಿಗೆ ಮಾತು ತೊದಲುತ್ತಿತ್ತು. “ಕೆ-ಕೆಲಸ ನೋಡಿದರೆ ಸಾಕು ಅವರಿಗೆ,” ಎಂದು ನಕ್ಕ.

ಎರಡು ತಿಂಗಳು ದುಡಿದರು. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಸಲಾಕೆಗೆ ಸುತ್ತಿ, ಅಂಚಿಗೆ ಅಂಚು ಬೆಸೆದು ನಳಿಗೆ ಮಾಡಿದರು. ಒಳಗನ್ನು ಬೈರಿಗೆಯಿಂದ ಕೊರೆದು ನೇರ ಮಾಡಿದವಳು ಕೆಂಚವ್ವ. ನಳಿಗೆಯ ಪಕ್ಕಕ್ಕೆ ಸಿಡಿಮದ್ದಿಡುವ ಪುಟ್ಟ ಬಟ್ಟಲು, ಬತ್ತಿ ಕಚ್ಚಿಕೊಳ್ಳಲು ಹಾವಿನಂತೆ ಬಾಗಿದ ಕೊಕ್ಕೆ. ಕೆಳಗಿನ ಸನ್ನೆ ಒತ್ತಿದರೆ ಕೊಕ್ಕೆ ತಲೆಬಾಗಿ ಕೆಂಡದ ತುದಿಯನ್ನು ಮದ್ದಿಗೆ ಮುಟ್ಟಿಸಬೇಕು. ಅದೊಂದು ಹದಕ್ಕೆ ಬರಲು ಹದಿನೇಳು ಕೊಕ್ಕೆ ಬಡಿದರು.

ಇವರು ಆಸ್ಥಾನಕ್ಕೆ ಹೋದ ದಿನ ಇನ್ನಿಬ್ಬರು ಬಂದಿದ್ದರು. ಮೊದಲನೆಯವನು ಅರಮನೆಯ ಅಕ್ಕಸಾಲಿ ಭರಮಯ್ಯ. ಅವನ ಕೋವಿಯ ತುಂಬ ಬೆಳ್ಳಿಯ ಹೂಬಳ್ಳಿ. ಸೇವಕ ತಳದಲ್ಲಿ ತೂತಿದ್ದ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟ. ಅದು ತುಂಬಿ ಮುಳುಗುವುದರೊಳಗೆ ಉತ್ತರ ಹೇಳಬೇಕು.

ಮುದ್ದರಸ ಕೇಳಿದ. “ಅವನಿಗೆ ಮಾರುದ್ದ ಬಾಲ. ಧಗ್ಗನೆ ಉರಿಯುವುದಿಲ್ಲ, ಹಾಗೆಂದು ಆರುವುದೂ ಇಲ್ಲ. ತಲೆ ಕೆಂಪಗಿರುವವರೆಗೆ ದಂಡಿಗೆ ದಂಡೇ ಹೆದರುತ್ತದೆ. ನಾಲ್ಕು ಹನಿ ಬಿದ್ದರೆ ಸತ್ತ. ಯಾರವನು?”

“ದೀಪ, ಮಹಾಸ್ವಾಮಿ.”

“ದೀಪ ಉರಿಯುತ್ತದಪ್ಪಾ,” ಎಂದ ಅರಸ. ಭಟರು ಭರಮಯ್ಯನನ್ನು ಎಳೆದೊಯ್ದರು.

ಎರಡನೆಯವನು ದಳವಾಯಿಯ ಅಳಿಯ ವೀರಣ್ಣ. ಅವನು ಬತ್ತಿ ಎಂದು ಸರಿಯಾಗಿಯೇ ಹೇಳಿದ. ಅರಸ ಎರಡನೆಯದನ್ನು ಕೇಳಿದ. “ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ಬಾಯಲ್ಲಿ ಊರಿಗೆಲ್ಲ ಕೇಳುವಂತೆ ಹೇಳುತ್ತಾನೆ. ಹೇಳಿದ ಮೇಲೆ ಹೊಟ್ಟೆ ಖಾಲಿ. ಯಾರವನು?”

“ಚಾಡಿಕೋರ,” ಎಂದ ವೀರಣ್ಣ.

“ಚಾಡಿಕೋರನ ಹೊಟ್ಟೆ ಯಾವತ್ತೂ ಖಾಲಿಯಾಗುವುದಿಲ್ಲ,” ಎಂದ ಅರಸ. ಸಭೆ ನಕ್ಕಿತು. ವೀರಣ್ಣನೂ ಸೆರೆಗೆ ಹೋದ.

ಮಾಳೋಜನ ಸರದಿ ಬಂತು. ಅವವೇ ಒಗಟುಗಳು. ಮೊದಲನೆಯದನ್ನು ತೊದಲುತ್ತಲೇ ಹೇಗೋ ದಾಟಿದ. ಎರಡನೆಯದಕ್ಕೆ “ಕೋ... ಕೋ...” ಎಂದು ಬಾಯಿ ತೆರೆದವನ ಕತ್ತಿನ ನರ ಉಬ್ಬಿತು. ಯಾರೋ ಕೋಳಿಯಂತೆ ಕೂಗಿ ಅಣಕಿಸಿದರು. ಬಟ್ಟಲು ಮುಳುಗಿತು.

“ಹೊತ್ತು ಮೀರಿತು,” ಎಂದ ಅರಸ. ಭಟರು ಮಾಳೋಜನಿಗೆ ಕೋಳ ತೊಡಿಸಿ ಎಳೆದೊಯ್ದರು. ಅಣ್ಣ ತಂಗಿ ತಂದ ಕೋವಿಯತ್ತ ಅರಸ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.

ಕೆಂಚವ್ವನ ಮೈಯೆಲ್ಲ ಉರಿಯಿತು. ಮುಂದೆ ಬಂದು ನಿಂತಳು. “ಕೋವಿ ಎಂದು ಹೇಳುತ್ತಿದ್ದ ನಮ್ಮಣ್ಣ. ನಿಮಗೆಲ್ಲ ಗೊತ್ತಾಗಿತ್ತು. ಗೊತ್ತಾಗಿಯೂ ನಕ್ಕಿರಿ. ಉಳಿದದ್ದನ್ನು ನನಗೆ ಕೇಳಿ.”

“ತಪ್ಪಿದರೆ ನಿನ್ನ ತಲೆಯೂ ಹೋಗುತ್ತದಮ್ಮಾ. ಹೆಣ್ಣುಮಗಳು ನಿನಗೆ ಕೋವಿಯ ಮಾತೇಕೆ?”

ಅವಳು ಎರಡೂ ಅಂಗೈ ಚಾಚಿದಳು. ಬೈರಿಗೆಯ ಹಿಡಿಗೆ ಬೊಬ್ಬೆ ಎದ್ದು ಒಡೆದು ಕಲ್ಲಾಗಿದ್ದವು. ಅರಸ ಅವನ್ನು ನೋಡಿ ಮೂರನೆಯ ಒಗಟು ಹೇಳಿದ.

“ಕೋವಿಯಲ್ಲಿ ಕಬ್ಬಿಣವಿದೆ, ಮರವಿದೆ. ಇನ್ನೊಂದಿದೆ. ಅದಕ್ಕೆ ತೂಕವಿಲ್ಲ, ಬಣ್ಣವಿಲ್ಲ, ಯಾವ ಸಂತೆಯಲ್ಲೂ ಸಿಗುವುದಿಲ್ಲ. ಮಾಡಿದವನು ಅದನ್ನು ತಂದು ಹಾಕಲಿಲ್ಲ. ಆದರೂ ಅದು ಎಳ್ಳಷ್ಟು ಸೊಟ್ಟಗಾದರೆ ಹಿಡಿದವನ ಜೀವ ಹೋಗುತ್ತದೆ. ಏನದು?”

ಬಟ್ಟಲು ಮತ್ತೆ ತೇಲುತ್ತಿತ್ತು. ಮದ್ದೇ? ಮದ್ದು ಸಂತೆಯಲ್ಲಿ ಸಿಗುತ್ತದೆ. ಧೈರ್ಯವೇ? ಧೈರ್ಯ ಸೊಟ್ಟಗಾಗುವುದೆಂತು? ನೀರು ಬಟ್ಟಲಿನ ಅಂಚಿಗೆ ಬಂತು. ಸೊಟ್ಟ ಎಂಬ ಮಾತನ್ನು ಅವಳು ಈ ಎರಡು ತಿಂಗಳಲ್ಲಿ ಎಷ್ಟು ಸಲ ಅಣ್ಣನ ಬಾಯಲ್ಲಿ ಕೇಳಿರಲಿಲ್ಲ!

“ಟೊಳ್ಳು,” ಎಂದಳು. “ನಳಿಗೆಯೊಳಗಿನ ಟೊಳ್ಳು.”

“ಬಿಡಿಸಿ ಹೇಳು,” ಎಂದ ಅರಸ.

“ಮೊದಲನೆಯದು ಬತ್ತಿ. ನೂಲಿನ ಹಗ್ಗವನ್ನು ಮದ್ದಿಗೆ ಹಾಕುವ ಪೆಟ್ಲುಪ್ಪಿನ ನೀರಲ್ಲಿ ನೆನೆಸಿ ಒಣಗಿಸುತ್ತೇವೆ. ಅದು ಉರಿಯದೆ ಕೆಂಡ ಹಿಡಿದಿರುತ್ತದೆ, ಮಳೆಗೆ ಸಾಯುತ್ತದೆ. ಎರಡನೆಯದು ಕೋವಿ. ಮದ್ದಿನ ಬಟ್ಟಲ ಪಕ್ಕದ ಸಣ್ಣ ತೂತೇ ಅದರ ಕಿವಿ. ಅಲ್ಲಿ ಕಿಡಿ ಸೋಕಿದರೆ ಬಾಯಲ್ಲಿ ಗುಡುಗುತ್ತದೆ. ಮೂರನೆಯದು ಟೊಳ್ಳು. ಕಬ್ಬಿಣ ಹಾಕಿ ಅದನ್ನು ಮಾಡಲಾಗುವುದಿಲ್ಲ, ಕೊರೆದು ತೆಗೆದೇ ಮಾಡಬೇಕು.”

“ಸರಿ. ಮೂರೂ ಸರಿ. ಯಜಮಾನಿಕೆ ನಿನ್ನದು, ಹುಣಸೆಕಟ್ಟೆಯೂ ನಿನ್ನದು.”

“ಬೇಡ ಮಹಾಸ್ವಾಮಿ. ಕೋವಿ ಬೇಕೆಂದು ಡಂಗುರ ಹೊಡೆಸಿದಿರಿ. ಮೂವರು ತಂದರು. ಒಂದನ್ನೂ ನೀವು ಕೈಯಲ್ಲಿ ಹಿಡಿದು ನೋಡಲಿಲ್ಲ. ಆಟದ ಮಾತಿಗೆ ಮೂರು ತಲೆ ಕಡಿಸಿ ಹಬ್ಬ ಮಾಡುತ್ತೀರಾ? ಅವರನ್ನು ಬಿಟ್ಟರೆ ನಿಮ್ಮ ಉಂಬಳಿ ಮುಟ್ಟುತ್ತೇನೆ. ಇಲ್ಲವೆಂದರೆ ನಾಲ್ಕನೆಯ ತಲೆ ಇಲ್ಲಿದೆ.”

ದಳವಾಯಿ ಕತ್ತಿಗೆ ಕೈ ಹಾಕಿದ. ಅರಸ ಬೇಡವೆಂದು ತಡೆದ. ಮೂವರನ್ನೂ ಬಿಡಿಸಿ ಕರೆತರಲು ಹೇಳಿದ.

“ನಿಮ್ಮ ಕೋವಿಯನ್ನು ಈಗಲೇ ಪರೀಕ್ಷಿಸೋಣ. ಭಟನೊಬ್ಬ ಬರಲಿ,” ಎಂದ.

“ಭಟ ಯಾಕೆ? ಮಾಡಿಸಿದವರು ನೀವು. ನೀವೇ ಹಿಡಿಯಬೇಕು,” ಎಂದಳು ಕೆಂಚವ್ವ.

ಅಂಗಳದಲ್ಲಿ ಮಾಳೋಜನೇ ಮದ್ದು ತುಂಬಿ, ಗುಂಡು ಜಡಿದು, ಬತ್ತಿ ಊದಿ ಕೋವಿಯನ್ನು ಅರಸನ ಕೈಗಿಟ್ಟ. ಅವನ ಮಣಿಕಟ್ಟಿನಲ್ಲಿ ಕೋಳದ ಗುರುತು ಇನ್ನೂ ಕೆಂಪಗಿತ್ತು. ಅರಸ ಆ ಗುರುತನ್ನು ನೋಡಿದ, ಕೋವಿಯನ್ನು ನೋಡಿದ. ತಾನು ಕೊಲ್ಲಿಸಹೊರಟವನ ಕೆಲಸಕ್ಕೆ ಈಗ ತನ್ನ ಕೆನ್ನೆ ಆನಿಸಬೇಕು. ಆನಿಸಿದ. ಸನ್ನೆ ಒತ್ತಿದ. ಕೋಟೆ ನಡುಗುವಂತೆ ಗುಂಡು ಹಾರಿತು. ಎದುರಿನ ಹಲಗೆ ಸೀಳಿ ಬಿತ್ತು.

ಹೊಗೆ ಕರಗಿದಾಗ ಅರಸನ ಗಡ್ಡವೆಲ್ಲ ಕಪ್ಪಾಗಿತ್ತು. “ಓಜರೇ, ತಪ್ಪು ನನ್ನದು,” ಎಂದು ಕಮ್ಮಾರರಿಬ್ಬರಿಗೂ ಹೇಳಿದ.

ಆ ನವಮಿಗೆ ಕರಡಿದುರ್ಗದಲ್ಲಿ ಬತ್ತಿಕೋವಿ ಸಿಡಿಯಿತು. ಒಗಟಿಗೆ ತಲೆ ಪಣವಿಡುವ ಪದ್ಧತಿ ಅಲ್ಲಿಗೆ ನಿಂತಿತು. ಅಣ್ಣ ತಂಗಿ ಆಯುಧಶಾಲೆಯನ್ನು ಬಹುಕಾಲ ನಡೆಸಿದರು. ಕೆಂಚವ್ವನ ಸಿಟ್ಟು ಮಾತ್ರ ಬೇಗ ಇಳಿಯಲಿಲ್ಲ. ಇಳಿಯಲೆಂದು ಅವಳೂ ಬಯಸಲಿಲ್ಲ.