ಯುದ್ಧದ ಗುಂಡು

ಅಳಿವೆಯ ನಡುವಿನ ಪುಟ್ಟ ದ್ವೀಪವೊಂದರಲ್ಲಿ ಹಳೆಯ ದೋಣಿ, ಲಂಗರು, ಹಾಯಿಗಳ ಮ್ಯೂಸಿಯಂ ತೆರೆದರು. ಮನೆಗೆ ಗ್ರೈಂಡರ್ ಬಂದಿದ್ದರಿಂದ ಬಚ್ಚಮ್ಮ ತನ್ನ ರುಬ್ಬುವ ಗುಂಡನ್ನು ತಂದುಕೊಟ್ಟು, "ಇದು ಯುದ್ಧದ ಕಾಲದ ಗುಂಡು ಮಾರಾಯ್ರೆ" ಎಂದಳು. ಪೇಟೆಯಿಂದ ಬಂದಿದ್ದ ಮೇಲ್ವಿಚಾರಕರು ರುಬ್ಬುವ ಕಲ್ಲು ಕಂಡವರಲ್ಲ. ಚೀಟಿ ಚಿಕ್ಕದೆಂದು 'ಕಾಲದ' ಬಿಟ್ಟು, 'ಯುದ್ಧದ ಗುಂಡು' ಎಂದಷ್ಟೇ ಬರೆದು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದರು.

ಓದಿದವರೆಲ್ಲ ಕೈಮುಗಿದರು. ವಾರ ಕಳೆಯುವಷ್ಟರಲ್ಲಿ ಗುಂಡಿಗೆ ತಾನು ಶತ್ರುವಿನ ಹಡಗೊಂದನ್ನು ಮುಳುಗಿಸಿದ್ದು ನೆನಪಾಗತೊಡಗಿತು. ತಿಂಗಳಾಗುವಾಗ ಹಡಗುಗಳು ಮೂರಾಗಿದ್ದವು.

ಆಮೇಲೆ ಬಚ್ಚಮ್ಮ ಒಂಟಿಯಾಗಿ ಉಳಿದಿದ್ದ ಒರಳನ್ನೂ ಹೊರಿಸಿಕೊಂಡು ಬಂದಳು. ಮೇಲ್ವಿಚಾರಕರು ಅದಕ್ಕೆ ನೀರು ತುಂಬಿ, ಬಂದವರು ಕಾಲು ತೊಳೆಯಲೆಂದು ಬಾಗಿಲಲ್ಲಿ ಇಡಿಸಿದರು.

"ಏನಪ್ಪಾ, ಗುರುತು ಸಿಕ್ಕಿತೇ?" ಎಂದಿತು ಒರಳು.

"ತಾವು ಯಾರು? ನಾನು ನೌಕಾಯುದ್ಧದಲ್ಲಿ ಇದ್ದವನು," ಎಂದಿತು ಗುಂಡು.

"ಐವತ್ತು ವರ್ಷ ನನ್ನ ಹೊಟ್ಟೆಯಲ್ಲೇ ಹೊರಳಿದವನು ನೀನು. ಯುದ್ಧದಲ್ಲಿ ಅಕ್ಕಿಯ ಹಡಗು ಬಾರದೆ ಊರು ಉಪವಾಸ ಬಿದ್ದಾಗ, ಹಲಸಿನ ಬೀಜ ರುಬ್ಬಿಕೊಟ್ಟು ನಲವತ್ತು ಮನೆಯ ಮಕ್ಕಳನ್ನು ಉಳಿಸಿದೆವಲ್ಲ. ಅದನ್ನು ಹೇಳಬಾರದೇ?"

ಗುಂಡು ಬಾಗಿಲ ಕಡೆ ನೋಡಿತು. ಜನ ಬರುತ್ತಿದ್ದರು.

"ಮೆಲ್ಲಗೆ ಮಾತಾಡು," ಎಂದಿತು. "ಅದು ಗೊತ್ತಾದರೆ ನನ್ನನ್ನೂ ಕಾಲು ತೊಳೆಯುವಲ್ಲಿಗೆ ಕಳಿಸುತ್ತಾರೆ."