ಅವರೆ ಚಪ್ಪರದ ಕೇರೆಹಾವು

ಮರುಳಯ್ಯನೆಂಬ ಶಿಷ್ಯ ಗುರುವಿನ ಬಳಿ ಬಂದು ಕೇಳಿದ: "ಗುರುಗಳೇ, ಜ್ವರದಿಂದ ಬಿದ್ದಿದ್ದ ದಾರಿಹೋಕನೊಬ್ಬನನ್ನು ಇಪ್ಪತ್ತು ದಿನ ಆರೈಕೆ ಮಾಡಿದೆ. ಇಂದು ಚೇತರಿಸಿಕೊಂಡವನೇ ಒಂದು ಮಾತೂ ಹೇಳದೆ ಹೊರಟುಹೋದ. ನಾನು ಮಾಡಿದ್ದೆಲ್ಲ ವ್ಯರ್ಥವಾಯಿತೇ?"

ಗುರು ಹೇಳಿದರು:

ಒಬ್ಬ ನೇಕಾರನಿದ್ದ. ಹಿತ್ತಲಿನ ಅವರೆ ಚಪ್ಪರಕ್ಕೆ ನವಿಲು ಬಾರದಂತೆ ಬಲೆ ಹೊದಿಸಿದ್ದ. ಒಂದು ಬೆಳಿಗ್ಗೆ ಕಾಯಿ ಬಿಡಿಸಲು ಹೋದ ಅವನ ಹೆಂಡತಿ ಕೂಗಿಕೊಂಡಳು. ಮಾರುದ್ದದ ಕೇರೆಹಾವು ಬಲೆಗೆ ಸಿಕ್ಕಿ ಹೊರಳಾಡುತ್ತಿತ್ತು. ಹೊರಳಿದಷ್ಟೂ ದಾರ ಬಿಗಿಯುತ್ತಿತ್ತು. ಒಂದು ಕಡೆ ಚರ್ಮ ಸೀಳಿತ್ತು.

ಪಕ್ಕದ ಮನೆಯವನು ದೊಣ್ಣೆ ಹಿಡಿದು ಬಂದ. "ಹೇಗೂ ಸಿಕ್ಕಿದೆ, ಹೊಡೆದುಬಿಡೋಣ" ಎಂದ.

"ಕೇರೆಗೆ ವಿಷವಿಲ್ಲ. ಬಲೆ ಕಟ್ಟಿದವನು ನಾನು, ಬಿಡಿಸುತ್ತೇನೆ" ಎಂದ ನೇಕಾರ. ಹಾಗೆಂದನಾದರೂ ಅವನಿಗೂ ಹೆದರಿಕೆಯಿತ್ತು. ಬೇಗ ಮುಗಿಸಲೆಂದು ಬಲೆಯನ್ನು ಜಗ್ಗಿದ. ಹಾವು ಮಣಿಕಟ್ಟಿಗೆ ಕಚ್ಚಿತು. ರಕ್ತ ಬಂತು.

ಹೆಂಡತಿ ಗಾಯ ತೊಳೆಯುತ್ತ ಕೇಳಿದಳು: "ಮಗ್ಗದ ಮೇಲೆ ನೂಲು ಸಿಕ್ಕಾದರೆ ಹೀಗೆ ಜಗ್ಗುತ್ತೀರಾ?"

ಅವಳು ಬಟ್ಟೆ ಒದ್ದೆ ಮಾಡಿ ಹಾವಿನ ತಲೆಗೆ ಮುಚ್ಚಿದಳು. ಕಣ್ಣಿಗೆ ಕತ್ತಲಾದೊಡನೆ ಅದು ಹೊರಳುವುದನ್ನು ನಿಲ್ಲಿಸಿತು. ಅವಳು ಬಟ್ಟೆಯ ಮೇಲಿಂದ ಹಿಡಿದುಕೊಂಡಳು. ನೇಕಾರ ಮಗ್ಗದ ಕತ್ತರಿ ತಂದು, ಅಲಗಿಗೂ ಮೈಗೂ ನಡುವೆ ಬೆರಳಿಟ್ಟು, ಒಂದೊಂದೇ ದಾರ ಕತ್ತರಿಸಿದ. ಬಿಸಿಲೇರಿತು. ಕೊನೆಯ ದಾರ ಗಾಯದೊಳಗೆ ಹೂತಿತ್ತು. ಉಸಿರು ಬಿಗಿಹಿಡಿದು ಅದನ್ನೂ ಕತ್ತರಿಸಿದ. ಹೆಂಡತಿ ಬಟ್ಟೆ ತೆಗೆದಳು. ಇಬ್ಬರೂ ಹಿಂದೆ ಸರಿದರು.

ಹಾವು ಅಲುಗಲಿಲ್ಲ.

"ಸತ್ತೇಹೋಯಿತೇನೋ" ಎಂದಳು ಅವಳು.

ಸ್ವಲ್ಪ ಹೊತ್ತಿಗೆ ನಾಲಿಗೆ ಹೊರಬಂತು. ಮತ್ತೆ ತಲೆ ಎದ್ದಿತು. ಬೇಲಿಯ ಸಂದಿಯಲ್ಲಿ ನುಸುಳಿ ಹೊಲಕ್ಕೆ ಹರಿದುಹೋಯಿತು. ನೇಕಾರ ಕತ್ತರಿ ಕೆಳಗಿಟ್ಟು "ಅಬ್ಬಾ" ಎಂದ. ಪಕ್ಕದ ಮನೆಯವನ ಕೈಯಿಂದಲೂ ದೊಣ್ಣೆ ಜಾರಿತ್ತು.

"ನಿನ್ನನ್ನು ಕಚ್ಚಿತು, ತಿರುಗಿಯೂ ನೋಡದೆ ಹೋಯಿತು" ಎಂದ ಅವನು.

"ತಿರುಗಿ ಬಂದಿದ್ದರೆ ಮೊದಲು ಓಡುತ್ತಿದ್ದವನು ನೀನೇ" ಎಂದ ನೇಕಾರ. ಮೂವರೂ ನಕ್ಕರು. ಮಧ್ಯಾಹ್ನದೊಳಗೆ ಅವನು ಉಳಿದ ಬಲೆಯನ್ನೂ ಕಿತ್ತು ಸುತ್ತಿಟ್ಟ. ಆ ವರ್ಷ ಅವರೆಯಲ್ಲಿ ನವಿಲಿಗೂ ಪಾಲು ಹೋಯಿತು.

ಮರುಳಯ್ಯನ ಮುಖ ತಿಳಿಯಾಯಿತು. ಆದರೂ ಕೇಳಿದ: "ಅದು ಹಾವು, ಗುರುಗಳೇ. ಮನುಷ್ಯನಾದವನು ಉಪಕಾರ ನೆನೆಯಬೇಡವೇ?"

ಗುರು ಹೇಳಿದರು: "ಬಲೆಯನ್ನೆಲ್ಲ ಕತ್ತರಿಸಿ, ಒಂದೇ ಒಂದು ದಾರವನ್ನು ಕೈಯಲ್ಲಿ ಉಳಿಸಿಕೊಳ್ಳಬೇಕೆಂದಿದ್ದೆಯಾ, ಮರುಳಯ್ಯ?"