ಯಾರೂ ಕೂರದ ಎಲೆಗಳು

ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ನಾಲ್ಕೇ ಜನ. ಗುರು ತೋಂಟಯ್ಯನವರು, ಅಡುಗೆಯ ನೀಲವ್ವ, ಹೂದೋಟದ ಮುದುಕ ಕಲ್ಲಪ್ಪ, ಮತ್ತು ಶಿಷ್ಯ ಈರಭದ್ರ.

ಜೊತೆಗೆ ಒಂದು ಹಳೆಯ ಪುಟ್ಟ ಕಂಪ್ಯೂಟರ್. ಹೊಳೆಯ ನೀರನ್ನು ಟ್ಯಾಂಕಿಗೆ ಏರಿಸುವ ಪಂಪು ಅದರ ಕೈಯಲ್ಲಿತ್ತು. ಹೊತ್ತಿಗೆ ಸರಿಯಾಗಿ ಭಜನೆ ಹಾಕುವುದೂ ಅದೇ.

ಈರಭದ್ರ ಅದರ ಕರ್ನೆಲ್ಲನ್ನು, ಅಂದರೆ ಒಳಗೆ ಕೂತು ಕೆಲಸ ಹಂಚುವ ಯಜಮಾನನನ್ನು, ಹೊಸದಾಗಿ ಕಟ್ಟಲು ಹೊರಟ. ನಡುವೆ ಒಂದು ಪ್ರಶ್ನೆ ಬಂತು: ಹೆಚ್ಚೆಂದರೆ ಎಷ್ಟು ಪ್ರೊಸೆಸರ್, ಅಂದರೆ ದುಡಿಯುವ ಆಳು?

ಇದ್ದದ್ದು ನಾಲ್ಕು. ಧಾರಾಳ ಮನುಷ್ಯ, ಎಂಟು ಸಾವಿರ ಎಂದು ಬರೆದ.

ಕಂಪ್ಯೂಟರ್ ಏಳಲೇ ಇಲ್ಲ. ಟ್ಯಾಂಕ್ ಬರಿದಾಯಿತು.

"ಎಂಟು ಸಾವಿರ ಯಾಕಪಾ?" ಗುರು ಕೇಳಿದರು.

"ಮುಂದ ಬಂದ್ರ ಇರಲಿ ಅಂತ, ಅಜ್ಜಾರ. ಬರೇ ಜಾಗ ಹಿಡದಿಟ್ರ ಏನ ಖರ್ಚು?"

"ಖರೆ. ಅದು ಏಳೂ ಮಟ ಹೊಳಿಯಿಂದ ನೀರು ಹೊರೂದು ನಿಂದ. ಏಳದಿದ್ರ ಕಾಯಂ ನಿಂದ."

ಕೊಡ ಹೊತ್ತು ಹೊತ್ತು ಈರಭದ್ರನ ಹೆಗಲು ಬಿದ್ದುಹೋಯಿತು. ಮಧ್ಯಾಹ್ನ ಹಸಿವಿನಿಂದ ತೂರಾಡುತ್ತ ಊಟಕ್ಕೆ ಬಂದ.

"ಪಡಸಾಲಿ ತುಂಬ ಎಲಿ ಹಾಕು," ಅಂದರು ಗುರು.

"ಯಾರ ಬರ್ತಾರ್ರಿ?"

"ಬಂದ್ರ ಇರಲಿ ಅಂತ."

ಹಾಕಿದ ಎಲೆ ಬರಿದಾಗಿರಬಾರದು ಎಂಬುದು ಅಲ್ಲಿನ ಪದ್ಧತಿ. ಯಾರು ಕೂರಲಿ ಬಿಡಲಿ, ಉಪ್ಪು, ಪಲ್ಯ, ಒಂದು ಸೌಟು ಅನ್ನ ಬೀಳಲೇಬೇಕು. ಬಡಿಸಿದವನು ಕೊನೆಗೆ ಉಣ್ಣಬೇಕು.

ಈರಭದ್ರ ಬಡಿಸಿದ. ಬಡಿಸುತ್ತಲೇ ಇದ್ದ. ಅರ್ಧ ಪಡಸಾಲೆಗೇ ಸೌಟು ಪಾತ್ರೆಯ ತಳ ಕೆರೆಯಿತು. ತನ್ನ ಬರಿ ಎಲೆಯ ಮುಂದೆ ಕೂತಾಗ ಅವನಿಗೆ ಅಳುವೇ ಬಂತು.

ತಟ್ಟನೆ ಎದ್ದ. "ಅಜ್ಜಾರ, ಇಲ್ಲದ ಪ್ರೊಸೆಸರ್‌ಗೂ ಕರ್ನೆಲ್ ಹಿಂಗ ಮೆಮೊರಿ ಬಡಿಸಿಟ್ಟೈತಿ, ಏಳಾಕ ಏನೂ ಉಳದಿಲ್ಲ!"

ಓಡಿಹೋಗಿ ಈ ಸಲ ಒಂದು ಎಂದು ಬರೆದ.

ಕಂಪ್ಯೂಟರ್ ಎದ್ದಿತು. ಒಂದು ಪ್ರೊಸೆಸರ್ ದುಡಿಯಿತು, ಮೂರು ಸುಮ್ಮನೆ ಕೂತವು. ಸಂಜೆ ಆ ಒಂದೇ ಪ್ರೊಸೆಸರ್ ಭಜನೆ ಹಾಕುವುದರಲ್ಲಿ ಮುಳುಗಿತ್ತು, ಪಂಪು ನಿಲ್ಲಿಸಲು ಪುರುಸೊತ್ತಾಗಲಿಲ್ಲ. ಟ್ಯಾಂಕ್ ಉಕ್ಕಿ ನೀರು ನೀಲವ್ವನ ಒಲೆಗೇ ಬಂತು.

"ಇದಕ್ಕಿಂತ ನೀ ಕೊಡ ಹೊರೂದ ಚಲೋ!" ನೀಲವ್ವ ಸೌಟು ಎತ್ತಿದಳು.

ಮರುದಿನ ಊಟದ ಹೊತ್ತಿಗೆ ಗುರು, "ಒಂದ ಎಲಿ ಹಾಕು," ಅಂದರು.

ಹಾಕಿದ. ಗುರು ಕೂತು ನಿಧಾನವಾಗಿ ಉಂಡರು. ಇನ್ನೊಮ್ಮೆ ಪಲ್ಯ ಹಾಕಿಸಿಕೊಂಡರು. ತುಂಬಿದ ಪಾತ್ರೆ ಪಕ್ಕದಲ್ಲೇ ಇತ್ತು. ಉಳಿದ ಮೂವರು ಗೋಡೆಗೆ ಆತು ನಿಂತು ನೋಡಿದರು.

ಈರಭದ್ರ ಕಾಲಿಗೆ ಬಿದ್ದ. "ತುಂಬ ಹಾಕಿದ್ರೂ ಉಪವಾಸ, ಒಂದ ಹಾಕಿದ್ರೂ ಉಪವಾಸ. ಎಷ್ಟ ಹಾಕಲಿ, ನೀವ ಹೇಳ್ರಿ. ಇನ್ನ ಕೊಡ ಹೊರಾಕ ನನ್ನ ಕೈಲೆ ಆಗೂದಿಲ್ಲ."

"ಬಾಗಿಲದಾಗ ಚಪ್ಪಲಿ ಎಷ್ಟ ಅದಾವ, ಎಣಿಸಿ ಬಾ."

ಹೋಗಿ ಎಣಿಸಿ ಬಂದ. "ಎಂಟು ಅದಾವ್ರಿ. ಎಂಟು ಎಲಿ ಹಾಕ್ಲಿ?"

ಗುರು ಕೈ ತೊಳೆಯಲು ಎದ್ದರು.

"ಜೋಡಿಗೊಂದ ಎಲಿ, ತಮ್ಮಾ. ಕೊಡ ಮಾತ್ರ ಬಾಗಿಲದಾಗ ಇರಲಿ."